ಕ್ಯೂಜಿಐಎಸ್‌ನ ಆಸ್ಪೆಕ್ಟ್ ಉಪಕರಣ: ಆರು ವರ್ಷ ಬಳಸಿದ ಮೇಲೆ

ಬೆಟ್ಟದ ಯಾವ ಮೈ ಯಾವ ದಿಕ್ಕಿಗೆ ಮುಖ ಮಾಡಿದೆ ಎಂದು ತಿಳಿಯಲು ಆರು ವರ್ಷಗಳಿಂದ ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿರುವ ಆಸ್ಪೆಕ್ಟ್ ಉಪಕರಣವನ್ನು ಬಳಸುತ್ತಿದ್ದೇನೆ. ಒಳಗೆ ಲೆಕ್ಕ ಮಾಡುವುದು ಜಿಡಾಲ್ ಎಂಬ ಇನ್ನೊಂದು ತಂತ್ರಾಂಶ. ಎತ್ತರದ ರಾಸ್ಟರ್ (ಪ್ರತಿ ಚೌಕದಲ್ಲಿ ಒಂದು ಎತ್ತರವಿರುವ ಜಾಲ) ಕೊಟ್ಟರೆ ಪ್ರತಿ ಪಿಕ್ಸೆಲ್‌ನ ಇಳಿಜಾರು ಯಾವ ಕಡೆಗಿದೆ ಎಂಬುದು ಡಿಗ್ರಿಗಳಲ್ಲಿ ಬರುತ್ತದೆ: ಉತ್ತರಕ್ಕೆ 0, ಪೂರ್ವಕ್ಕೆ 90, ದಕ್ಷಿಣಕ್ಕೆ 180, ಪಶ್ಚಿಮಕ್ಕೆ 270. ಉಚಿತ, ವೇಗವೂ ಇದೆ. ಎತ್ತರ ಮೀಟರಿನಲ್ಲಿದ್ದರೂ ಅಡಿಯಲ್ಲಿದ್ದರೂ ದಿಕ್ಕು ಬದಲಾಗುವುದಿಲ್ಲ.

ಮೊದಲ ವರ್ಷ ನಾನು ಎಡವಿದ್ದು ಸರಾಸರಿಯಲ್ಲಿ. ಉತ್ತರಕ್ಕೆ ಮುಖ ಮಾಡಿದ ಒಂದು ಇಳಿಜಾರಿನ ಸರಾಸರಿ ದಿಕ್ಕು ದಕ್ಷಿಣ ಎಂದು ಬಂತು. 350 ಮತ್ತು 10ರ ಸರಾಸರಿ 180 ತಾನೇ! ಉಪಕರಣದ ತಪ್ಪಲ್ಲ, ಅದು ಕೊಡುವುದು ಕೋನ, ನಾನು ಅದನ್ನು ಮಳೆಯ ಪ್ರಮಾಣದಂತೆ ಕೂಡಿಸಿ ಭಾಗಿಸಿದ್ದೆ. ಈಗ ರಾಸ್ಟರ್ ಕ್ಯಾಲ್ಕುಲೇಟರ್‌ನಲ್ಲಿ ಕೋನವನ್ನು ರೇಡಿಯನ್‌ಗೆ ತಿರುಗಿಸಿ, ಸೈನ್ ಮತ್ತು ಕೊಸೈನ್ ಪದರಗಳನ್ನು ಬೇರೆ ಬೇರೆ ಮಾಡಿ, ಅವುಗಳ ಸರಾಸರಿಯಿಂದ ದಿಕ್ಕನ್ನು ಮರಳಿ ಪಡೆಯುತ್ತೇನೆ. ಆಸ್ಪೆಕ್ಟ್ ಪದರವನ್ನು ಬೈಲೀನಿಯರ್ ವಿಧಾನದಲ್ಲಿ, ಅಂದರೆ ನೆರೆಯ ಪಿಕ್ಸೆಲ್‌ಗಳ ಸರಾಸರಿ ತೆಗೆದು, ಬೇರೆ ಪ್ರಕ್ಷೇಪಕ್ಕೆ (ಗೋಳದ ಭೂಮಿಯನ್ನು ಚಪ್ಪಟೆ ನಕ್ಷೆಗೆ ತರುವ ಕ್ರಮ) ಒಯ್ದರೂ ಇದೇ ಅನಾಹುತ. ಆದ್ದರಿಂದ ಮೊದಲು ಎತ್ತರದ ಕಡತವನ್ನೇ ಮೀಟರ್ ಆಧಾರಿತ ಪ್ರಕ್ಷೇಪಕ್ಕೆ ತರುತ್ತೇನೆ, ದಿಕ್ಕಿನ ಲೆಕ್ಕ ಆಮೇಲೆ. ಅಕ್ಷಾಂಶ-ರೇಖಾಂಶಗಳ ಡಿಗ್ರಿ ಜಾಲವನ್ನು ಹಾಗೆಯೇ ಚೌಕವೆಂದು ಎಣಿಸಿದರೆ, 60 ಡಿಗ್ರಿ ಅಕ್ಷಾಂಶದಲ್ಲಿ ಸರಿಯಾಗಿ ಈಶಾನ್ಯಕ್ಕಿರುವ ಇಳಿಜಾರು 45ರ ಬದಲು ಸುಮಾರು 27 ಎಂದು ತೋರುತ್ತದೆ.

ಸಮತಟ್ಟಾದ ನೆಲಕ್ಕೆ ದಿಕ್ಕಿಲ್ಲ. ಅಲ್ಲಿ ಉಪಕರಣ -9999 ಬರೆಯುತ್ತದೆ. ಬೇಕಿದ್ದರೆ 0 ಬರೆಯುವ ಆಯ್ಕೆಯೂ ಇದೆ. ಆ ಆಯ್ಕೆಯನ್ನು ನಾನು ಎಂದೂ ಗುರುತು ಮಾಡುವುದಿಲ್ಲ, ಏಕೆಂದರೆ ಕೆರೆಯ ಮೇಲ್ಮೈಯೂ ಉತ್ತರಾಭಿಮುಖ ಬೆಟ್ಟವೂ ಒಂದೇ ಆಗಿಬಿಡುತ್ತವೆ.

ಹೆಚ್ಚು ಬೇಸರ ತರಿಸುವುದು ದತ್ತಾಂಶ. 2000ದ ಫೆಬ್ರವರಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ರೇಡಾರ್ ಮೂಲಕ ಅಳೆದ ಎಸ್‌ಆರ್‌ಟಿಎಂ ಎಂಬ ಎತ್ತರದ ಕಡತಗಳಲ್ಲಿ ಸಾಮಾನ್ಯವಾಗಿ ಎತ್ತರ ಪೂರ್ಣ ಮೀಟರುಗಳಲ್ಲಿರುತ್ತದೆ. ಬಯಲಿನಂಥ ನೆಲದಲ್ಲಿ ಒಂದು ಮೀಟರಿನ ಹುಸಿ ಮೆಟ್ಟಿಲುಗಳು ಎದ್ದು, ದಿಕ್ಕುಗಳು 0, 45, 90ರಲ್ಲೇ ಗುಂಪುಗಟ್ಟುತ್ತವೆ. ಯುರೋಪಿನ ಕೊಪರ್ನಿಕಸ್ ಯೋಜನೆಯ 30 ಮೀಟರ್ ಎತ್ತರದ ದತ್ತಾಂಶ ಕಡತದಲ್ಲಿ (ಒಂದು ಪಿಕ್ಸೆಲ್ ಸುಮಾರು 30 ಮೀಟರ್) ದಶಮಾಂಶವಿದೆ, ಆದರೆ ಮರದ ತಲೆಯೂ ಸೇರಿದೆ. ಹಾಗಾಗಿ ಕಾಡಿನ ಅಂಚು, ನೆಲದಲ್ಲಿ ಇಲ್ಲದ ಇಳಿಜಾರಿನಂತೆ ಕಾಣುತ್ತದೆ. ಎರಡು ಡಿಗ್ರಿಗಿಂತ ಕಡಿಮೆ ಇಳಿಜಾರಿದ್ದಲ್ಲಿ ನಾನು ದಿಕ್ಕನ್ನು ನಂಬದೆ ಮರೆಮಾಡುತ್ತೇನೆ.

ಒರಟು ಬೆಟ್ಟಗಳಿಗೆ ಎಂಟೂ ನೆರೆಯ ಪಿಕ್ಸೆಲ್‌ಗಳನ್ನು ನೋಡುವ ಹಾರ್ನ್ ಸೂತ್ರವನ್ನೂ, ನಯವಾದ ದಿಬ್ಬಗಳಿಗೆ ನಾಲ್ಕನ್ನು ಮಾತ್ರ ನೋಡುವ ಜೆವೆನ್‌ಬರ್ಗನ್–ಥಾರ್ನ್ ಸೂತ್ರವನ್ನೂ ಇಟ್ಟುಕೊಂಡಿದ್ದೇನೆ. ಬಣ್ಣ ಹಚ್ಚುವಾಗ 0 ಮತ್ತು 360ಕ್ಕೆ ಒಂದೇ ಬಣ್ಣ ಬರುವ ಪಟ್ಟಿಯನ್ನು ನೀವೇ ಆರಿಸಬೇಕು. ಬೂದು ಬಣ್ಣದ ಸಾದಾ ಪಟ್ಟಿಯಲ್ಲಿ ಉತ್ತರದ ಇಳಿಜಾರೆಲ್ಲ ಕಪ್ಪು ಬಿಳುಪಾಗಿ ಒಡೆದು ಕಾಣುತ್ತದೆ.