ಶೋಧಗಂಗಾ: ಹಿತ್ತಲ ಬಾಗಿಲಿನಿಂದ ಹೊಕ್ಕರೇ ಲಾಭ

ಪದವಿ ಮಕ್ಕಳಿಗೆ ಕಿರುಸಂಶೋಧನೆ ಮಾಡಿಸುವ ಧಾರವಾಡ, ಗದಗ, ಹಾವೇರಿ ಕಡೆಯ ಕಾಲೇಜುಗಳಿಗೆ ದುಡ್ಡಿಲ್ಲದೆ ಸಿಗುವ ದೊಡ್ಡ ಆನ್‌ಲೈನ್ ಭಂಡಾರ ಶೋಧಗಂಗಾ. ನಡೆಸುವುದು ಗುಜರಾತಿನ ಗಾಂಧಿನಗರದ ಇನ್‌ಫ್ಲಿಬ್‌ನೆಟ್, ವಿಶ್ವವಿದ್ಯಾಲಯಗಳ ಗ್ರಂಥಾಲಯಗಳನ್ನು ಜೋಡಿಸುವ ಯುಜಿಸಿ ಕೇಂದ್ರ. ಒಳಗಿರುವುದು ದೇಶದ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳು. ಅಧ್ಯಾಯಕ್ಕೊಂದು ಪಿಡಿಎಫ್ ಇರುವುದರಿಂದ ಮೊಬೈಲಿನಲ್ಲೂ ಬೇಕಾದಷ್ಟನ್ನೇ ಇಳಿಸಿಕೊಳ್ಳಬಹುದು.

ತೊಡಕು ಹುಡುಕುವಲ್ಲೇ ಶುರು. ಕನ್ನಡ ಪ್ರಬಂಧಗಳ ಶೀರ್ಷಿಕೆ ಎಷ್ಟೋ ಕಡೆ ಇಂಗ್ಲಿಷ್ ಲಿಪಿಯಲ್ಲಿದೆ, ಸ್ಪೆಲ್ಲಿಂಗ್ ಒಬ್ಬೊಬ್ಬರದು ಒಂದೊಂದು ಥರ. ಒಂದೇ ಊರಿನ ಹೆಸರನ್ನು ಮೂರು ನಾಲ್ಕು ರೀತಿ ಬರೆದು ನೋಡಬೇಕು. ಧಾರವಾಡದ ವಿಶ್ವವಿದ್ಯಾಲಯದ ಇಂಗ್ಲಿಷ್ ಹೆಸರು ‘ಕರ್ನಾಟಕ್’. ಕೊನೆಗೆ ‘ಎ’ ಅಕ್ಷರ ಸೇರಿಸಿದವರು ದಾರಿ ತಪ್ಪುತ್ತಾರೆ. ಹಳೆಯ ಪ್ರಬಂಧಗಳು ಸ್ಕ್ಯಾನ್ ಪುಟಗಳು, ಒಳಗಿನ ಪದ ಹುಡುಕಲು ಬರುವುದಿಲ್ಲ. ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪಾದದ್ದನ್ನು ನಕಲಿಸಿದರೆ ಅಕ್ಷರವೆಲ್ಲ ಕಲಸುಮೇಲೋಗರ. (ಕಟ್-ಪೇಸ್ಟ್ ಅಷ್ಟರಮಟ್ಟಿಗೆ ತಪ್ಪುತ್ತದೆ, ಅದೊಂದು ಪುಣ್ಯ.)

ಮಕ್ಕಳು ಮೊದಲ ಅಧ್ಯಾಯ ತೆಗೆದು ಪೀಠಿಕೆ ಎತ್ತಿಕೊಳ್ಳುತ್ತಾರೆ. ತೆಗೆಸಬೇಕಾದ್ದು ಕೊನೆಯ ಗ್ರಂಥಋಣ, ಅಂದರೆ ಆಕರಗಳ ಪಟ್ಟಿ. ಅದರಿಂದ ಐದು ಆಕರ ಆರಿಸಿ, ಯಾವುದು ಮೂಲ ದಾಖಲೆ, ಯಾವುದು ಇನ್ನೊಬ್ಬರ ಮಾತಿನ ಮೇಲೆ ನಿಂತದ್ದು ಎಂದು ಗುರುತು ಹಾಕಿಸಿ, ಎರಡನ್ನಾದರೂ ಗ್ರಂಥಾಲಯದಲ್ಲಿ ಕೈಯಲ್ಲಿ ಹಿಡಿಸಬೇಕು.

ಹೀಗೆ ಮೂಲ ಹುಡುಕಿ ಪರೀಕ್ಷಿಸುವುದಕ್ಕೆ ಗದಗ ಜಿಲ್ಲೆಯ ಕಣಗಿನಹಾಳವೇ ಸಾಕು. ಅಲ್ಲಿ 1905ರಲ್ಲಿ ಹುಟ್ಟಿದ ಸಂಘ ‘ಏಷ್ಯಾದ ಮೊದಲ ಸಹಕಾರಿ ಸಂಘ’ ಎಂಬ ವಾಕ್ಯ ಬರಹದಿಂದ ಬರಹಕ್ಕೆ ದಾಟುತ್ತಲೇ ಇದೆ. ಮೊದಲನೆಯದು ಎಂದರೆ ಯಾವ ಬಗೆಯಲ್ಲಿ, ಯಾವ ಕಾಯ್ದೆಯಡಿ ಎಂದು ಕೇಳಿಸಿ. ಬರೋಡಾದ ಅನ್ಯೋನ್ಯ ಸಹಕಾರಿ ಮಂಡಳಿ 1889ರದು, ಆದರೆ ಅದು ಪೇಟೆಯ ಸಂಘ. ಜಪಾನಿನಲ್ಲಿ ಸಹಕಾರಿ ಕಾಯ್ದೆ 1900ರಲ್ಲೇ ಬಂತು, ನಮ್ಮಲ್ಲಿ 1904ರಲ್ಲಿ. ತಮಿಳುನಾಡಿನ ತಿರೂರಿನ ಕೃಷಿ ಸಂಘವೋ 1904ರ ನೋಂದಣಿ ಮುಂದಿಟ್ಟು ಅದೇ ಪಟ್ಟ ಕೇಳುತ್ತದೆ. ಕಣಗಿನಹಾಳದ ಹಿರಿಮೆ ಇದರಿಂದ ಕುಂದುವುದಿಲ್ಲ. ಆದರೆ ‘ಏಷ್ಯಾ’ ಎಂದು ಬರೆಯುವ ಹುಡುಗ ಯಾರ ಮಾತು, ಯಾವ ಪುಟ ಎಂದು ಹೇಳಲೇಬೇಕಾಗುತ್ತದೆ. ಪ್ರಬಂಧದ ಅಡಿಟಿಪ್ಪಣಿ ಹಿಡಿದು ಹೋದಾಗ ಕೊನೆಗೆ ಸಿಗುವುದು ಒಂದು ಸ್ಮರಣ ಸಂಚಿಕೆಯಷ್ಟೇ ಆಗಿದ್ದರೆ, ಅದನ್ನೂ ಹಾಗೆಯೇ ದಾಖಲಿಸಬೇಕು.

ಇನ್ನೊಂದು ಸಾಮಾನ್ಯ ತಪ್ಪು ಇಸವಿಯದು. ಪ್ರಬಂಧ ಮುಗಿದ ವರ್ಷ ಬೇರೆ, ಭಂಡಾರಕ್ಕೆ ಏರಿಸಿದ ದಿನ ಬೇರೆ. ನಡುವೆ ಹತ್ತಾರು ವರ್ಷ ಇರಬಹುದು. ಮುಖಪುಟದ ಇಸವಿಯನ್ನೇ ಬರೆಯಿಸಿ.

ಪದವಿ ಸಿಕ್ಕಿದ ಮಾತ್ರಕ್ಕೆ ಪ್ರಬಂಧದ ಪ್ರತಿ ವಾಕ್ಯಕ್ಕೂ ಮುದ್ರೆ ಬಿದ್ದಂತಲ್ಲ. ಕ್ಷೇತ್ರಕಾರ್ಯದ ಅಧ್ಯಾಯ ಗಟ್ಟಿಯಿದ್ದು ಹಿನ್ನೆಲೆಯ ಅಧ್ಯಾಯ ತೆಳುವಾಗಿರುವುದು ಮಾಮೂಲು. ಮೊದಲ ವರ್ಷದವರ ಕೈಗೆ ಶೋಧಗಂಗಾವನ್ನು ಸುಮ್ಮನೆ ಕೊಟ್ಟುಬಿಡುವುದು ಬೇಡ. ಅಂತಿಮ ವರ್ಷದವರಿಗೆ, ಗ್ರಂಥಪಾಲಕರನ್ನು ಜೊತೆಗೆ ಕೂರಿಸಿಕೊಂಡು ಎರಡು ತಾಸಿನ ಎರಡು ತರಗತಿ ಕೊಟ್ಟರೆ ಛಲೋ ನಡೆಯುತ್ತದೆ.