ಪ್ರಾಜೆಕ್ಟ್ ಗುಟೆನ್‌ಬರ್ಗ್‌ನ ಭಯದ ಕಪಾಟು: ಯಾವ ಫೈಲು, ಯಾವ ತಿಂಗಳು

ಒಂದು ವರ್ಷ ಹಾರರ್, ಥ್ರಿಲ್ಲರ್ ಓದೋಣ ಎಂದು ಹೊರಟವರು ದುಡ್ಡು ಬಿಚ್ಚುವ ಮೊದಲು ಪ್ರಾಜೆಕ್ಟ್ ಗುಟೆನ್‌ಬರ್ಗ್ ನೋಡಬೇಕು. ಮೈಕೆಲ್ ಹಾರ್ಟ್ 1971ರಲ್ಲಿ ಶುರು ಮಾಡಿದ ಈ ಉಚಿತ ಭಂಡಾರದಲ್ಲಿ ಇಂಗ್ಲಿಷಿನ ಹಳೆಯ ಭಯಕಥೆಗಳಲ್ಲಿ ಮುಖ್ಯವಾದವು ಬಹುತೇಕ ಸಿಗುತ್ತವೆ. ಆದರೆ ಪುಸ್ತಕ ಕೊಟ್ಟು ಕೈತೊಳೆದುಕೊಳ್ಳುವ ತಾಣ ಇದು. ಯಾವ ಪಠ್ಯ ಒಳ್ಳೆಯದು, ಯಾವ ವೇಗದಲ್ಲಿ ಓದಬೇಕು ಎಂಬ ಸುಳಿವು ಅಲ್ಲಿಲ್ಲ. ಈ ಕಥೆಗಳು ಗೆಲ್ಲುವುದೂ ಸೋಲುವುದೂ ಅದರ ಮೇಲೆಯೇ.

ಮೊದಲು ಫೈಲು. ಫೋನಿಗೂ ಇ-ಪುಸ್ತಕ ಓದುವ ಸಾಧನ ಕಿಂಡಲ್‌ಗೂ ಇಪಬ್3 ಎಂಬ ಫೈಲು ರೂಪ ಸಾಕು. ಕಿಂಡಲ್‌ಗೆ ಫೈಲು ಕಳಿಸುವ ಸೇವೆ ಸೆಂಡ್ ಟು ಕಿಂಡಲ್ ಈಗ ತೆಗೆದುಕೊಳ್ಳುವುದು ಇಪಬ್ ಅನ್ನೇ, ಹಳೆಯ ಮೋಬಿ ರೂಪವನ್ನಲ್ಲ. ಹಗುರ ಎಂದು ಪ್ಲೇನ್ ಟೆಕ್ಸ್ಟ್ ಇಳಿಸಿಕೊಳ್ಳಬೇಡಿ. ಅದರಲ್ಲಿ ಸಾಲುಗಳನ್ನು ಸುಮಾರು 70 ಅಕ್ಷರಕ್ಕೆ ಕಡಿದಿರುತ್ತಾರೆ. ಕಿರಿದಾದ ಪರದೆಯಲ್ಲಿ ಒಂದು ಉದ್ದ ಸಾಲು, ಒಂದು ತುಂಡು ಸಾಲು ಆಗಿ ಓದು ಕುಂಟುತ್ತದೆ. ಕೊನೆಗೆ ಪರವಾನಗಿಯ ಉದ್ದನೆಯ ಪಠ್ಯ ಅಂಟಿಕೊಂಡಿರುವುದರಿಂದ ಶೇಕಡಾವಾರು ಲೆಕ್ಕವನ್ನೂ ನಂಬುವಂತಿಲ್ಲ. ಸಣ್ಣ ಪುಸ್ತಕಗಳಲ್ಲಂತೂ ಇನ್ನೂ ಇದೆ ಅಂದುಕೊಂಡಾಗಲೇ ಕಥೆ ಮುಗಿದಿರುತ್ತದೆ.

ಒಂದೇ ಹೆಸರಿನ ಎರಡು ಪಠ್ಯಗಳೂ ಇರುತ್ತವೆ; ತಾಣ ಪ್ರತಿ ಪಠ್ಯಕ್ಕೂ ಕೊಟ್ಟಿರುವ ಸಂಖ್ಯೆಯಿಂದ ಅವನ್ನು ಗುರುತಿಸಬೇಕು. ‘ಫ್ರಾಂಕೆನ್‌ಸ್ಟೈನ್’ ಹುಡುಕಿದರೆ ಮೊದಲು ಸಿಗುವ 84ನೇ ಸಂಖ್ಯೆ 1831ರ ಪರಿಷ್ಕೃತ ರೂಪ; 1818ರ ಮೂಲ 41445ರಲ್ಲಿದೆ. ಮೂಲದಲ್ಲಿ ಎಲಿಜಬೆತ್ ಕಥಾನಾಯಕ ವಿಕ್ಟರನ ಸೋದರತ್ತೆಯ ಮಗಳು, ಪರಿಷ್ಕೃತದಲ್ಲಿ ಸಾಕಿಕೊಂಡ ಅನಾಥೆ. ಪರಿಷ್ಕೃತದಲ್ಲಿ ಎಲ್ಲದಕ್ಕೂ ವಿಧಿಯನ್ನು ದೂರುವ ಮಾತು ಜಾಸ್ತಿ. ಹಾಗಾಗಿ 1818ರದ್ದೇ ಮೇಲು.

ಜನವರಿಯಿಂದ ವಿಲ್ಕಿ ಕಾಲಿನ್ಸ್‌ನ ‘ದಿ ಮೂನ್‌ಸ್ಟೋನ್’ (ಸಂಖ್ಯೆ 155). ನಮ್ಮವರಿಗೆ ಇದರಲ್ಲಿ ಬೇರೆಯೇ ಕುತೂಹಲ: ಪೀಠಿಕೆ ನಡೆಯುವುದು ಶ್ರೀರಂಗಪಟ್ಟಣದಲ್ಲಿ, 1799ರ ಮೇ 4ರಂದು, ಕೋಟೆ ಬಿದ್ದ ದಿನ. ಟಿಪ್ಪುವಿನ ಆಯುಧಾಗಾರದಿಂದ ವಜ್ರ ಎಗರಿಸುವವನು ಇಂಗ್ಲಿಷ್ ಅಧಿಕಾರಿ. ಕಾದಂಬರಿ ಅದನ್ನು ಮುಚ್ಚಿಡುವುದಿಲ್ಲ. ಆದರೆ ಕಾವೇರಿ ತೀರದ ವರ್ಣನೆ ಹುಡುಕಬೇಡಿ, ಕೆಲವೇ ಪುಟಗಳಲ್ಲಿ ಕಥೆ ಯಾರ್ಕ್‌ಷೈರ್ ಸೇರುತ್ತದೆ. ಅಲ್ಲಿ ಮನೆವಾರ್ತೆ ನೋಡುವ ಮುದುಕ ಬೆಟರೆಡ್ಜ್ ಮಾತಿಗೆ ಕೂರುತ್ತಾನೆ. ವಿಷಯಕ್ಕೆ ಬರುತ್ತೇನೆ ಅನ್ನುತ್ತಲೇ ದಾರಿ ತಪ್ಪುತ್ತಾನೆ. ಮೊದಲ ಭಾಗದ 23 ಅಧ್ಯಾಯಗಳೂ ಅವನವೇ. ಒಂದೇ ಪಟ್ಟಿಗೆ ಓದಿದರೆ ತಲೆ ಚಿಟ್ಟು ಹಿಡಿಯುವುದು ಖಂಡಿತ. ಇದು 1868ರ ಜನವರಿ 4ರಿಂದ ಆಗಸ್ಟ್ 8ರವರೆಗೆ ಡಿಕನ್ಸ್‌ನ ವಾರಪತ್ರಿಕೆಯಲ್ಲಿ 32 ಕಂತುಗಳಲ್ಲಿ ಬಂದದ್ದು. ‘ಸುಧಾ’, ‘ತರಂಗ’ದ ಧಾರಾವಾಹಿಗಾಗಿ ವಾರವಿಡೀ ಕಾದವರಿಗೆ ಈ ಲಯ ಹೊಸದೇನಲ್ಲ. ವಾರಕ್ಕೆ ಎರಡು ಅಧ್ಯಾಯ ಓದಿ ನಿಲ್ಲಿಸಿ. ಅದೇ ಬೆಟರೆಡ್ಜ್ ಆಪ್ತನಾಗುತ್ತಾನೆ.

ವರ್ಷದ ನಡುಮನೆ ‘ಡ್ರಾಕುಲ’ (ಸಂಖ್ಯೆ 345). 1897ರ ಈ ಕಾದಂಬರಿ ಪೂರ್ತಿ ದಿನಚರಿ, ಪತ್ರ, ಪತ್ರಿಕಾ ತುಣುಕುಗಳದ್ದು. ದಿನಾಂಕಗಳು ಮೇ 3ರಿಂದ ನವೆಂಬರ್ 6ರವರೆಗೆ. ಆಯಾ ದಿನದ ಬರಹವನ್ನು ಆಯಾ ದಿನವೇ ಓದುವ ಪದ್ಧತಿ ಈಗ ಚಾಲ್ತಿಯಲ್ಲಿದೆ. ಮ್ಯಾಟ್ ಕರ್ಕ್‌ಲ್ಯಾಂಡ್ 2021ರಲ್ಲಿ ಆರಂಭಿಸಿದ ‘ಡ್ರಾಕುಲ ಡೈಲಿ’ ಅದನ್ನು ಮಿಂಚಂಚೆಯಲ್ಲಿ ಉಚಿತವಾಗಿ ಕಳಿಸುತ್ತದೆ. ಗುಟೆನ್‌ಬರ್ಗ್ ಫೈಲಿನಿಂದಲೇ ಮಾಡಬಹುದು, ಆದರೆ ಪುಟ ಹಿಂದೆ ಮುಂದೆ ಹಾರಬೇಕು. ಡ್ರಾಕುಲನ ಕೋಟೆಯಲ್ಲಿ ಸಿಕ್ಕಿಬಿದ್ದ ವಕೀಲ ಹಾರ್ಕರನ ದಿನಚರಿ ನಾಲ್ಕನೇ ಅಧ್ಯಾಯದ ಕೊನೆಗೆ ಜೂನ್ 30ರಲ್ಲಿ ನಿಂತರೆ, ಐದನೆಯದು ಅವನ ಭಾವಿ ಪತ್ನಿ ಮೀನಾಳ ಮೇ 9ರ ಪತ್ರದಿಂದ ಶುರುವಾಗುತ್ತದೆ.

ದಿನಾಂಕದ ಕ್ರಮದಲ್ಲಿ ಲಾಭ ಯಾವುದು, ನಷ್ಟ ಯಾವುದು ಎಂಬುದಕ್ಕೆ ಡ್ರಾಕುಲನನ್ನು ಇಂಗ್ಲೆಂಡಿಗೆ ತರುವ ಡಿಮೀಟರ್ ಹಡಗಿನ ಪ್ರಸಂಗವೇ ಸಾಕ್ಷಿ. ಪುಸ್ತಕದಲ್ಲಿ ಮೊದಲು ವಿಟ್ಬಿ ಬಂದರಿನ ಬಿರುಗಾಳಿ, ಚುಕ್ಕಾಣಿಗೆ ಕಟ್ಟಿಕೊಂಡ ಸತ್ತ ಕಪ್ತಾನ. ಆಮೇಲೆ ಅವನ ದಾಖಲೆ. ದಿನಾಂಕದ ಪ್ರಕಾರ ಹೋದರೆ ದಾಖಲೆಯೇ ಮೊದಲು: ಒಬ್ಬೊಬ್ಬನೇ ನಾವಿಕ ಕಾಣೆಯಾಗುವುದನ್ನು ವಾರಗಟ್ಟಲೆ ಕಾಯುತ್ತ ಓದುತ್ತೀರಿ. ಭಯ ಏರುತ್ತದೆ, ಆದರೆ ಒಗಟು ಸಾಯುತ್ತದೆ. ಅದಕ್ಕೇ ಮೊದಲ ಓದಿಗೆ ಪುಸ್ತಕದ ಕ್ರಮ, ಎರಡನೆಯದಕ್ಕೆ ದಿನಾಂಕದ ಕ್ರಮ. ಇನ್ನೊಂದು ತೊಡಕು, ಅಳತೆಯ ಏರುಪೇರು. ಜುಲೈನ ಮೊದಲರ್ಧದಲ್ಲಿ ಓದಲು ಹೆಚ್ಚೇನೂ ಇರದು. ಅಕ್ಟೋಬರ್ 3 ಒಂದೇ ದಿನ ಮೂರು ಅಧ್ಯಾಯಗಳಿಗೆ ಹರಡಿಕೊಂಡಿದೆ. ಆ ಸಂಜೆ ಬಿಡುವು ಮಾಡಿಕೊಳ್ಳಿ. ಆರನೇ ಅಧ್ಯಾಯದ ಮುದುಕ ಸ್ವೇಲ್ಸ್‌ನ ಯಾರ್ಕ್‌ಷೈರ್ ಮಾತಿಗೆ ಕಿಂಡಲ್‌ನ ನಿಘಂಟು ಸಾಲದು. ಗಟ್ಟಿಯಾಗಿ ಓದಿಕೊಂಡರೆ ಅರ್ಧಕ್ಕರ್ಧ ಹಿಡಿತಕ್ಕೆ ಬರುತ್ತದೆ.

ನಡುವೆ ಸಿಗುವ ಒಂದು ಖಾಲಿ ಭಾನುವಾರ ‘ಜೆಕಿಲ್ ಅಂಡ್ ಹೈಡ್’ಗೆ (ಸಂಖ್ಯೆ 43). ಹತ್ತೇ ಅಧ್ಯಾಯ, ಒಂದೇ ಕೂತಿನಲ್ಲಿ ಮುಗಿಯಬೇಕು. ಗುಟ್ಟು ಊರಿಗೆಲ್ಲ ಗೊತ್ತಿರುವುದರಿಂದ ಕಂತಿನಲ್ಲಿ ಓದಿ ಪ್ರಯೋಜನವಿಲ್ಲ. ಡಿಸೆಂಬರಿಗೆ ದೆವ್ವದ ಕಥೆಗಾರ ಎಂ. ಆರ್. ಜೇಮ್ಸ್‌ನ 1904ರ ಸಂಕಲನ (ಸಂಖ್ಯೆ 8486): ಎಂಟು ಕಥೆ, ರಾತ್ರಿಗೊಂದೇ. ಎರಡು ಒಟ್ಟಿಗೆ ಓದಿದರೆ ಅವನ ವರಸೆ ತಿಳಿದುಬಿಡುತ್ತದೆ: ಹಳೇ ವಸ್ತು, ಕೆದಕುವ ವಿದ್ವಾಂಸ, ಹಿಂದೆ ಬೀಳುವ ಏನೋ ಒಂದು.

ಕಾನೂನಿನ ಒಂದು ಮಾತು. ಈ ತಾಣ ನೋಡುವುದು ಅಮೆರಿಕದ ಹಕ್ಕುಸ್ವಾಮ್ಯವನ್ನು. ಭಾರತದಲ್ಲಿ ಲೆಕ್ಕ ಲೇಖಕರ ಮರಣಾನಂತರದ 60 ವರ್ಷ. ಅಗಾಥಾ ಕ್ರಿಸ್ಟಿಯ ಮೊದಲ ಕಾದಂಬರಿ ಅಲ್ಲಿ ಉಚಿತವಾಗಿ ಕಾಣುತ್ತದೆ. ಆಕೆ ತೀರಿಕೊಂಡದ್ದು 1976ರಲ್ಲಿ, ಆದ್ದರಿಂದ ಇಲ್ಲಿ ಅದು 2036ರ ಕೊನೆಯವರೆಗೂ ಹಕ್ಕಿನೊಳಗೇ ಇದೆ. ಅದನ್ನು ಕೊಂಡೇ ಓದಬೇಕು, ಇಲ್ಲವೇ ಗ್ರಂಥಾಲಯದಿಂದ ತರಬೇಕು.