ಐದು ವರ್ಷದಿಂದ ಹ್ಯೂಗೋ ಬಳಸುತ್ತಿದ್ದೇನೆ: ಕನ್ನಡದಲ್ಲಿ ಬರೆಯುವವರಿಗೆ ಇದು ಒಗ್ಗುತ್ತದೆಯೇ?

ದಾವಣಗೆರೆಯ ವಿದ್ಯಾನಗರದಲ್ಲಿ ನಮ್ಮ ಮನೆ. ಇಲ್ಲಿಂದಲೇ ಬೆಂಗಳೂರಿನ ಕಂಪನಿಯೊಂದಕ್ಕೆ ಸಾಫ್ಟ್‌ವೇರ್ ಕೆಲಸ ಮಾಡುತ್ತೇನೆ. ರಾತ್ರಿ ಊಟ ಆದ ಮೇಲೆ ಒಂದು ಗಂಟೆ ಕನ್ನಡದಲ್ಲಿ ಪ್ರೋಗ್ರಾಮಿಂಗ್ ಪಾಠ ಬರೆಯುತ್ತೇನೆ. ಜಗಳೂರು, ಹೊನ್ನಾಳಿ, ಚನ್ನಗಿರಿ ಕಡೆಯಿಂದ ಇಲ್ಲಿನ ಎಂಜಿನಿಯರಿಂಗ್ ಕಾಲೇಜುಗಳಿಗೆ ಬರುವ ಮಕ್ಕಳಿಗಾಗಿ ಶುರು ಮಾಡಿದ್ದು. ಹತ್ತನೇ ತರಗತಿವರೆಗೆ ಎಲ್ಲವನ್ನೂ ಕನ್ನಡದಲ್ಲಿ ಓದಿದವರು ಮೊದಲ ಸೆಮಿಸ್ಟರಿನಲ್ಲಿ ಪಾಯಿಂಟರ್ ಅಂದರೇನು ಅಂತ ಕೇಳಲೂ ಹೆದರಿ ಸುಮ್ಮನೆ ಕೂರುತ್ತಾರೆ. ಬುದ್ಧಿ ಕಡಿಮೆಯಾಗಿ ಅಲ್ಲ. ಆ ಪಾಠಗಳು ಈಗ 140 ದಾಟಿವೆ. ಎಲ್ಲವೂ ಇರುವುದು ಹ್ಯೂಗೋದಲ್ಲಿ, ಅಂದರೆ ವೆಬ್‌ಸೈಟ್ ಕಟ್ಟಿಕೊಡುವ ಒಂದು ತಂತ್ರಾಂಶದಲ್ಲಿ.

ಇದಕ್ಕೂ ಮೊದಲು ಒಂದು ಉಚಿತ ಬ್ಲಾಗ್ ಸೇವೆಯಲ್ಲಿ ಬರೆಯುತ್ತಿದ್ದೆ. ಒಂದು ದಿನ ಬರಹಗಳ ಪ್ರತಿ ಇಟ್ಟುಕೊಳ್ಳೋಣ ಎಂದು ಡೌನ್‌ಲೋಡ್ ಮಾಡಿದೆ. ಫೈಲು ತೆರೆದರೆ ಕನ್ನಡವೇ ಇಲ್ಲ. 'ಕ' ಇರಬೇಕಾದ ಕಡೆಯೆಲ್ಲ ಕ ಎಂದಿತ್ತು. ಬ್ರೌಸರಿಗೆ ಅದು 'ಕ' ಎಂದು ಗೊತ್ತಾಗುತ್ತದೆ, ನಿಜ. ಆದರೆ ನಾನೇ ಬರೆದದ್ದನ್ನು ನಾನು ಓದಲಾಗದ ರೂಪದಲ್ಲಿ ವಾಪಸ್ ಕೊಟ್ಟರೆ ಹೇಗನಿಸುತ್ತದೆ, ನೀವೇ ಹೇಳಿ. ಅವತ್ತೇ ಬೇರೆ ದಾರಿ ಹುಡುಕಲು ಕೂತೆ.

ಹ್ಯೂಗೋವನ್ನು 2013ರಲ್ಲಿ ಸ್ಟೀವ್ ಫ್ರಾನ್ಸಿಯಾ ಶುರು ಮಾಡಿದರು. ಗೋ ಭಾಷೆಯಲ್ಲಿ ಬರೆದದ್ದು, ಮುಕ್ತ ತಂತ್ರಾಂಶ, ಕಾಸು ಕೊಡಬೇಕಿಲ್ಲ. ನೀವು ಮಾರ್ಕ್‌ಡೌನ್‌ನಲ್ಲಿ, ಅಂದರೆ ಶೀರ್ಷಿಕೆ, ಪಟ್ಟಿಗಳಿಗೆ ಸರಳ ಗುರುತು ಹಾಕುವ ಕ್ರಮದಲ್ಲಿ, ಸಾದಾ ಫೈಲು ಬರೆದಿಡುತ್ತೀರಿ. ಅದು ಎಲ್ಲವನ್ನೂ ಒಂದೇ ಏಟಿಗೆ ವೆಬ್ ಪುಟಗಳಾಗಿ ಮಾಡಿಕೊಡುತ್ತದೆ. ಹಿಂದೆ ಡೇಟಾಬೇಸ್ ಇಲ್ಲ, ಲಾಗಿನ್ ಇಲ್ಲ. ಜೆಕಿಲ್ ಕೂಡ ಇದೇ ಕೆಲಸ ಮಾಡುತ್ತದೆ, ಆದರೆ ಅದಕ್ಕೆ ಮೊದಲು ರೂಬಿ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಹಾಕಿಕೊಳ್ಳಬೇಕು. ಹ್ಯೂಗೋ ಅಂದರೆ ಒಂದೇ ಒಂದು ಫೈಲು, ಇಳಿಸಿಕೊಂಡು ಓಡಿಸಿದರೆ ಆಯಿತು. ನನ್ನ ಹಳೇ ಲ್ಯಾಪ್‌ಟಾಪಿನಲ್ಲೂ 140 ಪಾಠಗಳು ಒಂದು ಸೆಕೆಂಡಿನೊಳಗೆ ಸಿದ್ಧವಾಗುತ್ತವೆ. ವೇಗದ ಬಗ್ಗೆ ಇಷ್ಟು ಸಾಕು.

ಕನ್ನಡಕ್ಕೆ ಹೊಂದಿಸುವಾಗ ಮಾತ್ರ ಕೆಲಸ ಜಾಸ್ತಿ ಹಿಡಿಯುತ್ತದೆ. ಹ್ಯೂಗೋ ಜೊತೆ ಬಳಸುವ ಥೀಮುಗಳನ್ನು (ಪುಟ ಹೇಗೆ ಕಾಣಬೇಕು ಎಂಬ ಸಿದ್ಧ ವಿನ್ಯಾಸಗಳನ್ನು) ಹೆಚ್ಚಿನವರು ಇಂಗ್ಲಿಷ್ ಅಕ್ಷರ ನೋಡಿಯೇ ಮಾಡಿರುತ್ತಾರೆ. ನಾನು ಆರಿಸಿದ ಥೀಮಿನಲ್ಲಿ ಶೀರ್ಷಿಕೆಯ ಲೈನ್ ಹೈಟ್, ಅಂದರೆ ಒಂದು ಸಾಲಿಗೆ ಬಿಡುವ ಎತ್ತರ, ಅಕ್ಷರದ ಗಾತ್ರದ 1.2 ಪಟ್ಟು ಇತ್ತು. ನನ್ನ ಪರದೆಯಲ್ಲಿ ಏನೂ ತೊಂದರೆ ಕಾಣಲಿಲ್ಲ. ಮೂರನೇ ಸೆಮಿಸ್ಟರಿನ ಹುಡುಗನೊಬ್ಬ ಮನೆಗೆ ಬಂದಾಗ ಫೋನ್ ತೋರಿಸಿದ: "ಅಣ್ಣಾ, ಸ್ಟ್ರಿಂಗ್ ಅನ್ನೋದರ ಕೆಳಗಿನ ಒತ್ತು ಕಟ್ ಆಗೈತಿ ನೋಡ್ರಿ." ನೋಡಿದರೆ ಹೌದು. ಟ ಒತ್ತು ಅರ್ಧ ಇದೆ, ಅದರಡಿಯ ರ ಒತ್ತು ಮಾಯ. ಇಂಗ್ಲಿಷಿನಲ್ಲಿ ಸಾಲಿನ ಕೆಳಗೆ ಇಳಿಯುವ ಅಕ್ಷರ ನಾಲ್ಕೈದು, ಅವೂ ಒಂದು ಬಾಲದಷ್ಟು. ನಮ್ಮಲ್ಲಿ ಒತ್ತಿನ ಕೆಳಗೆ ಇನ್ನೊಂದು ಒತ್ತು ಬರುತ್ತದೆ. ಲೈನ್ ಹೈಟ್ 1.7 ಮಾಡಿದೆ. ಅಕ್ಷರಗಳ ನಡುವೆ ಥೀಮ್ ಬಿಟ್ಟಿದ್ದ ಹೆಚ್ಚುವರಿ ಜಾಗವನ್ನೂ ತೆಗೆದೆ. ಪುಟ ಆಗ ನಮ್ಮ ಪುಸ್ತಕದ ಪುಟದ ಹಾಗೆ ಕಂಡಿತು. ಕನ್ನಡದಲ್ಲಿ ಓದಿ ಎಂದು ಕರೆದು ಒತ್ತು ಕತ್ತರಿಸಿ ಬಡಿಸಬಾರದು ಅಲ್ವಾ?

ಆಮೇಲೆ ಲಿಂಕು. ಫೈಲಿನ ಹೆಸರು ಕನ್ನಡದಲ್ಲಿದ್ದರೆ ಪುಟದ ವಿಳಾಸವೂ ಕನ್ನಡದಲ್ಲೇ ಬರುತ್ತದೆ. ನೋಡಲು ಚೆಂದ. ಆದರೆ ಕಂಪ್ಯೂಟರ್ ಅಕ್ಷರಗಳನ್ನು ಸಂಖ್ಯೆಯಾಗಿ ಇಟ್ಟುಕೊಳ್ಳುವ ಯುಟಿಎಫ್-8 ಕ್ರಮದಲ್ಲಿ ಒಂದೊಂದು ಕನ್ನಡ ಚಿಹ್ನೆಗೂ ಮೂರು ಬೈಟ್ ಬೇಕು. ವಿಳಾಸವನ್ನು ಕಾಪಿ ಮಾಡಿದಾಗ ಅನೇಕ ಸಲ ಪ್ರತಿ ಬೈಟೂ ಶೇಕಡಾ ಗುರುತು ಸೇರಿ ಮೂರು ಅಕ್ಷರವಾಗಿಬಿಡುತ್ತದೆ. 'ದಾವಣಗೆರೆ' ಎಂಬ ಒಂದು ಪದದಲ್ಲಿ ಕಂಪ್ಯೂಟರಿನ ಲೆಕ್ಕಕ್ಕೆ 8 ಚಿಹ್ನೆ, 24 ಬೈಟ್. ವಾಟ್ಸಾಪಿನಲ್ಲಿ ಅಂಟಿಸಿದರೆ 72 ಅಕ್ಷರದ ಉದ್ದನೆಯ ಬಾಲ. ಇದು ಹ್ಯೂಗೋದ ತಪ್ಪಲ್ಲ, ವೆಬ್ ನಡೆಯುವುದೇ ಹಾಗೆ. ಪ್ರತಿ ಬರಹದ ತಲೆಯಲ್ಲಿ 'ಸ್ಲಗ್' ಎಂಬ ಸಾಲು ಸೇರಿಸಿ, ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕ ಹೆಸರು ಕೊಟ್ಟರೆ ಸರಿಹೋಗುತ್ತದೆ. ಮನಸ್ಸು ಒಪ್ಪಲಿಲ್ಲ, ಆದರೂ ಹಾಗೇ ಮಾಡುತ್ತಿದ್ದೇನೆ.

ಒಂದು ಯುಗಾದಿಯ ದಿನ ಬೆಳಿಗ್ಗೆ 6.30ರ ಸಮಯ ಹಾಕಿ ಹೊಸ ಪಾಠ ಏರಿಸಿದೆ. ಪುಟದಲ್ಲಿ ಬರಲೇ ಇಲ್ಲ. ಎರಡು ಮೂರು ಸಲ ನೋಡಿದೆ, ಎಲ್ಲೂ ದೋಷ ತೋರಿಸುತ್ತಿಲ್ಲ. ಬೇವು ಬೆಲ್ಲ ತಿನ್ನಲು ಅಮ್ಮ ಕರೆಯುತ್ತಲೇ ಇದ್ದರು. ಕಾರಣ ಗೊತ್ತಾಗಿದ್ದು ಮಧ್ಯಾಹ್ನ. ಟೈಮ್‌ಝೋನ್ ಹೇಳದಿದ್ದರೆ ಹ್ಯೂಗೋ ಆ ಸಮಯವನ್ನು ಯುಟಿಸಿ, ಅಂದರೆ ಜಗತ್ತಿಗೆಲ್ಲ ಆಧಾರವಾದ ಸಮಯ, ಎಂದು ತಿಳಿಯುತ್ತದೆ. ನಾವು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಅದರ ಲೆಕ್ಕದಲ್ಲಿ ನನ್ನ 6.30 ಎಂದರೆ ಇಲ್ಲಿನ ಮಧ್ಯಾಹ್ನ 12 ಗಂಟೆ. ಮುಂದಿನ ಸಮಯದ ಬರಹಗಳನ್ನು ಅದು ಪ್ರಕಟಿಸುವುದಿಲ್ಲ. 12 ಆದ ಮೇಲೂ ತಾನಾಗಿ ಬರುವುದಿಲ್ಲ, ಪುಟಗಳನ್ನು ಮತ್ತೆ ಕಟ್ಟಬೇಕು. ಸೆಟ್ಟಿಂಗಿನಲ್ಲಿ ಏಷ್ಯಾ/ಕೋಲ್ಕತಾ ಎಂದು ಒಂದು ಸಾಲು ಬರೆದೆ, ಮತ್ತೆಂದೂ ಹಾಗಾಗಿಲ್ಲ.

ತಿಂಗಳ ಹೆಸರು ಕನ್ನಡದಲ್ಲೇ ಬರುವಂತೆ ಮಾಡಬಹುದು, ಅದು ಖುಷಿ. ಆದರೆ ಹ್ಯೂಗೋ ಲೆಕ್ಕಹಾಕುವ 'ಓದಲು ಎಷ್ಟು ನಿಮಿಷ' ಎಂಬುದನ್ನು ನಂಬಬೇಡಿ. ನಿಮಿಷಕ್ಕೆ 213 ಪದ ಎಂದು ಅದರ ಲೆಕ್ಕ. 'ಬರೆದುಕೊಳ್ಳಬೇಕಾಗುತ್ತದೆ' ಎಂಬುದೂ ನಮಗೆ ಒಂದೇ ಪದ ತಾನೆ? ನಾನು ಆ ಸಾಲನ್ನೇ ತೆಗೆದುಹಾಕಿದೆ.

ಹ್ಯೂಗೋ ಬದಲಾಗುತ್ತಲೇ ಇರುತ್ತದೆ. ಆವೃತ್ತಿಯ ಸಂಖ್ಯೆ ಎಷ್ಟೋ ವರ್ಷ ಸೊನ್ನೆಯಿಂದಲೇ ಶುರುವಾಗುತ್ತಾ ಬಂದಿದೆ, ಅದನ್ನು ಮಾಡುವವರು ಹಳೆಯ ಸೆಟ್ಟಿಂಗುಗಳನ್ನು ಆಗಾಗ ಕೈಬಿಡುತ್ತಾ ಹೋಗುತ್ತಾರೆ. ಥೀಮ್ ಮಾಡಿದವರು ಕೈಬಿಟ್ಟಿದ್ದರೆ ಹೊಸ ಆವೃತ್ತಿಯಲ್ಲಿ ಪುಟ ಕಟ್ಟುವುದೇ ನಿಲ್ಲಬಹುದು. ನಾನು ಯಾವ ಆವೃತ್ತಿ ಬಳಸುತ್ತಿದ್ದೇನೆ ಎಂದು ಬರೆದಿಟ್ಟು, ಕೆಲಸವಿಲ್ಲದ ಭಾನುವಾರ ಮಾತ್ರ ಹೊಸದನ್ನು ನೋಡುತ್ತೇನೆ. ಕೋಡ್ ಮುಟ್ಟದೆ ಕವಿತೆ, ಕಥೆ ಮಾತ್ರ ಬರೆಯಬೇಕು ಎನ್ನುವವರಿಗೆ ಇದನ್ನು ನಾನು ಹೇಳುವುದಿಲ್ಲ.

ಕಳೆದ ಮಳೆಗಾಲದಲ್ಲಿ ಕರೆಂಟು ಹೋಗಿ ಬಂದು ಮಾಡಿದ ಒಂದು ರಾತ್ರಿ ನನ್ನ ಲ್ಯಾಪ್‌ಟಾಪಿನ ಡಿಸ್ಕ್ ಹೋಯಿತು. ಮಾರನೇ ದಿನ ತಂಗಿಯ ಲ್ಯಾಪ್‌ಟಾಪ್ ಕೇಳಿ ಪಡೆದೆ. ಹ್ಯೂಗೋ ಇಳಿಸಿದೆ, ಬರಹಗಳ ಪ್ರತಿ ಇಟ್ಟಿದ್ದ ಗಿಟ್‌ನಿಂದ ಫೋಲ್ಡರ್ ತಂದೆ. ಚಹಾ ಆರುವ ಮುಂಚೆ ಎಲ್ಲ ಪಾಠಗಳೂ ಪರದೆಯ ಮೇಲಿದ್ದವು, ಅಚ್ಚ ಕನ್ನಡದಲ್ಲಿ. ಹೋಗಿದ್ದು ಒಂದೇ, ಆ ರಾತ್ರಿ ಅರ್ಧ ಬರೆದಿದ್ದ ರಿಕರ್ಷನ್ ಪಾಠ. ಅದನ್ನಿನ್ನೂ ಗಿಟ್‌ಗೆ ಹಾಕಿರಲಿಲ್ಲ. ಈಗ ಬರಹ ಅರ್ಧ ಇದ್ದರೂ ತಲೆಯಲ್ಲಿ ಡ್ರಾಫ್ಟ್ ಎಂದು ಗುರುತು ಹಾಕಿ, ಮಲಗುವ ಮುಂಚೆ ಕಳಿಸಿಬಿಡುತ್ತೇನೆ. ಆ ಗುರುತು ಇರುವವರೆಗೆ ಹ್ಯೂಗೋ ಅದನ್ನು ಹೊರಗೆ ತೋರಿಸುವುದಿಲ್ಲ.